ಮೂಳೆಯಿಲ್ಲದ ಬಯಲು

ಆಡಿನ ಮಾಂಸ ಬೆಂದು ಎಲ್ಲರ ಹೊಟ್ಟೆಗೆ ಬಿದ್ದ ಮೇಲೆ ಜಗಳ ಆಡಬೇಕು, ಅದಕ್ಕೂ ಮೊದಲೇ ಶುರು ಮಾಡಿದರೆ ಜಗಳವೂ ಕೆಡುತ್ತದೆ, ಮಾಂಸವೂ ಕೆಡುತ್ತದೆ ಎನ್ನುವುದು ತೋಮಾಸಾ ಮುದುಕಿಯ ಕಟ್ಟಳೆ. ಆ ದಿನ ಕಟ್ಟಳೆ ಮುರಿಯಿತು. ಸಂಧಾನದ ಅನ್ಸೆಲ್ಮೊ ಕೋಲೂರಿಕೊಂಡು ಬಂದು ಚಪ್ಪರದ ಕೆಳಗೆ ಕುಳಿತಾಗ ಒಲೆಯ ಮೇಲಿನ ಪಾತ್ರೆ ಇನ್ನೂ ಕೊತಕೊತ ಕುದಿಯುತ್ತಿತ್ತು.

ತೋಮಾಸಾಳ ಮಗಳು ಕ್ಲೆಮೆನ್ಸಿಯಾ ಅವನಿಗೆ ಕಾಫಿ ಕೊಟ್ಟಳು. ಅನ್ಸೆಲ್ಮೊನಂಥವರು ಕಾಫಿ ಕುಡಿಯಲು ಬರುವವರಲ್ಲ. ಒಂದು ಬಳಿಯವರ, ಅಂದರೆ ಒಂದು ತಾಯಿಕುಲದವರ, ಮಾತನ್ನು ಇನ್ನೊಂದು ಬಳಿಯವರ ಚಪ್ಪರಕ್ಕೆ ಹೊತ್ತು ತಂದು, ಹೊಡೆದಾಟವಾಗದ ಹಾಗೆ ಇಳಿಸಿ ಹೋಗುವುದು ಅವರ ಕಸುಬು. ಮುದುಕ ಮಳೆಯ ವಿಷಯ ಮಾತಾಡಿದ, ಆಡುಗಳ ವಿಷಯ ಮಾತಾಡಿದ, ತನ್ನ ಮಂಡಿನೋವಿನ ವಿಷಯ ಬಹಳ ಹೊತ್ತು ಮಾತಾಡಿದ. ಆಮೇಲೆ ಲೋಟ ಕೆಳಗಿಟ್ಟ.

“ಪಕ್ಕದ ಮಾರೂಪಾದವರ ಮಾತು ತಂದಿದ್ದೀನಿ. ನನ್ನ ಮೇಲೆ ಸಿಟ್ಟಾಗಬೇಡಿ, ಮಾತು ನಂದಲ್ಲ. ವಿಮಾನದ ಬಯಲು ಅವರಿಗೆ ಸೇರಬೇಕಂತೆ. ಅವರ ಪೆತ್ರೋನಿಲಾ ಹೇಳಿ ಕಳಿಸಿದ್ದಾಳೆ.”

ತೂಗುಹಾಸಿಗೆಯಲ್ಲಿ ಮಲಗಿದ್ದ ಎವಾರಿಸ್ಟೊ ಕಾಲು ಕೆಳಗಿಟ್ಟ. ಕ್ಲೆಮೆನ್ಸಿಯಾಳ ತಮ್ಮ ಅವನು. ಅಣ್ಣ ಸತ್ತ ಮೇಲೆ ಈ ಮನೆಗೆ ಸೋದರಮಾವನ ಗತ್ತು ಅವನ ಪಾಲಿಗೆ ಬಂದಿತ್ತು. ಗತ್ತಿನ ಜೊತೆಗೆ ಬರಬೇಕಾದ ತಾಳ್ಮೆ ಮಾತ್ರ ಇನ್ನೂ ದಾರಿಯಲ್ಲಿತ್ತು.

“ಅವರಿಗೆ ಸೇರಬೇಕಾ? ಆ ಬಯಲಿನ ಮುಳ್ಳು ಕಡಿದವರು ಯಾರು, ಕಲ್ಲು ಆರಿಸಿದವರು ಯಾರು? ಇವರು ಆಗ ಎಲ್ಲಿದ್ರು?”

“ಮುಳ್ಳು ಕಡಿದವರು ಯಾರು ಅಂತ ಅವಳು ಕೇಳ್ತಿಲ್ಲಪ್ಪ. ನಿಮ್ಮವರ ಮೂಳೆ ಅಲ್ಲಿ ಎಲ್ಲಿದೆ, ಬೆರಳು ಮಾಡಿ ತೋರಿಸಲಿ ಅಂತಾಳೆ.”

ಗ್ವಾಹಿರಾದ ಈ ಮುಳ್ಳು ಸೀಮೆಯಲ್ಲಿ ನೆಲ ಯಾರದೆಂದು ಕಾಗದ ನೋಡಿ ಹೇಳುವವರು ಪೇಟೆಯವರು. ಉಳಿದವರು ಸಮಾಧಿ ನೋಡಿ ಹೇಳುತ್ತಾರೆ. ತಾಯಿಯ ಬಳಿಯ ಸತ್ತವರು ಎಲ್ಲಿ ಮಲಗಿದ್ದಾರೋ ಅಲ್ಲಿ ಬದುಕಿದವರು ಆಡು ಮೇಯಿಸಬಹುದು, ಬಾವಿ ತೋಡಬಹುದು, ಮನೆ ಕಟ್ಟಬಹುದು. ಆ ಬಯಲಿನಲ್ಲಿ ಈಗ ಈ ಮನೆಯವರ ಒಂದು ಬೆರಳಿನ ಮೂಳೆಯೂ ಇರಲಿಲ್ಲ.

“ಇತ್ತಲ್ಲ ಅಜ್ಜ,” ಎಂದಳು ಕ್ಲೆಮೆನ್ಸಿಯಾ. “ನಮ್ಮಜ್ಜಿ ಇದ್ದದ್ದು ಅಲ್ಲೇ. ಪೆತ್ರೋನಿಲಾಗೆ ಗೊತ್ತಿಲ್ವಾ?”

“ಗೊತ್ತು. ನೀವು ಎತ್ತಿಕೊಂಡು ಹೋದದ್ದೂ ಗೊತ್ತು. ಸತ್ತವರನ್ನ ಎಬ್ಬಿಸಿಕೊಂಡು ಹೋದವರು ನೆಲ ಬಿಟ್ಟುಹೋದ ಹಾಗೇ ಲೆಕ್ಕ ಅಂತಾಳೆ. ಅದು ತಪ್ಪು ಅಂತ ಹೇಳೋಕೆ ನನ್ನ ಬಾಯಿಗೂ ಏನೂ ಬರಲಿಲ್ಲ.”

ಒಲೆಯ ಹತ್ತಿರ ಕುಳಿತಿದ್ದ ಕ್ಲೆಮೆನ್ಸಿಯಾಳ ಮಗಳು ಇದಾಲಿಯಾ ಸೌಟು ಹಿಡಿದುಕೊಂಡೇ ತಿರುಗಿದಳು. “ಹಾಗಾದ್ರೆ ನೀರೂ ಅವರದಾ?”

ಅನ್ಸೆಲ್ಮೊ ಮಾಂಸ ಬೆಂದಿತೇ ಎಂದು ಕೇಳಿದ. ಮಳೆಗಾಲ ಮುಗಿದ ಮೇಲೆ ಬರುತ್ತೇನೆ, ಅಷ್ಟರಲ್ಲಿ ಯೋಚಿಸಿ ಮಾತು ಕೊಡಿ ಎಂದು ಹೇಳಿ, ಮಾಂಸ ತಿಂದು, ಮಂಡಿ ಉಜ್ಜಿಕೊಳ್ಳುತ್ತ ಹೊರಟ.

ಇದ್ದದ್ದೇ ನೀರಿನ ವಿಷಯ. ಹೋದ ವರ್ಷ ಸೈನ್ಯದವರು ಎರಡು ಬುಲ್ಡೋಜರ್ ತಂದು ಬಯಲಿಗೆ ಅಡ್ಡಡ್ಡ ಕಂದಕ ತೋಡಿ, ಇನ್ನು ಇಲ್ಲಿ ಕಳ್ಳ ವಿಮಾನ ಇಳಿಯಲಾರದೆಂದು ಫೋಟೋ ತೆಗೆಸಿಕೊಂಡು ಹೋಗಿದ್ದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಅಷ್ಟು ಹೊತ್ತಿಗೆ ವಿಮಾನಗಳು ಬರುವುದು ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಆದರೆ ಕಂದಕದ ಅಡಿಯಲ್ಲಿ ಜೇಡಿಮಣ್ಣು ಸಿಕ್ಕಿತು. ಮಳೆ ಬಂದು ಕಂದಕಗಳು ತುಂಬಿದವು, ತುಂಬಿದ ನೀರು ಇಂಗದೆ ನಿಂತಿತು. ಕತ್ತೆಯ ಮೇಲೆ ಡಬ್ಬ ಹೇರಿಕೊಂಡು ಅರ್ಧ ದಿನ ನಡೆದು ಉಪ್ಪುನೀರು ತರುತ್ತಿದ್ದ ಮನೆಗೆ, ಕೂಗಳತೆಯಲ್ಲಿ ಸಿಹಿನೀರು. ಇದಾಲಿಯಾ ಕಂದಕದ ದಂಡೆಯಲ್ಲಿ ಅವರೆ ಹಾಕಿದಳು, ಕಲ್ಲಂಗಡಿ ಹಾಕಿದಳು. ಆಡುಗಳು ಮೈತುಂಬಿಕೊಂಡವು. ಅದನ್ನು ಮಾರೂಪಾದವರೂ ನೋಡಿದರು. ಅವರಿಗೂ ಆಡುಗಳಿದ್ದವು, ಅವಕ್ಕೂ ಬಾಯಾರಿಕೆಯಾಗುತ್ತಿತ್ತು.

ಆ ಬಯಲು ನೀರು ಕೊಡುತ್ತದೆಂದು ಯಾರು ಕಂಡಿದ್ದರು? ಅದು ಕೊಡುತ್ತಿದ್ದದ್ದೇ ಬೇರೆ.

ತೋಮಾಸಾಗೆ ಆ ಕಾಲದ ಮಾತೆಂದರೆ ಜೀವ. ಮಧ್ಯಾಹ್ನ ನೂಲು ಹೊಸೆಯುತ್ತ ಕುಳಿತರೆ ತಾನಾಗಿಯೇ ಶುರುವಾಗುತ್ತಿತ್ತು.

“ಆ ಫ್ರಿಜ್ಜು ಬಂದ ದಿನ ನಿನಗೆ ನೆನಪಿಲ್ಲ ಇದಾಲಿಯಾ, ನೀನಿನ್ನೂ ಅಂಬೆಗಾಲಿಡ್ತಿದ್ದೆ.”

“ಕರೆಂಟೇ ಇಲ್ಲದ ಊರಿಗೆ ಫ್ರಿಜ್ಜು ತಂದ ಕಥೆ ತಾನೆ? ಗೊತ್ತು ಅಜ್ಜಿ. ನಮ್ಮ ಬಟ್ಟೆ ಇರೋದು ಅದರಲ್ಲೇ ಅಲ್ವಾ.”

“ನಗಬೇಡ. ಇಲಿ ಹೋಗಲ್ಲ ಅದರೊಳಗೆ. ನಿನ್ನ ಸ್ಕೂಲಿನ ಸನ್ಯಾಸಿನಿಯರ ಬೀರುಗೆ ಹೋಗುತ್ತೆ.”

ಫ್ರಿಜ್ಜು ತಂದವನು ತೋಮಾಸಾಳ ಹಿರಿಮಗ. ಸತ್ತವರ ಹೆಸರು ಹೇಳುವಂತಿಲ್ಲವಾದ್ದರಿಂದ ಅವನು ಮನೆಯಲ್ಲಿ ದೊಡ್ಡವನು, ಅಷ್ಟೇ. ಬೆಟ್ಟದಿಂದ ಲಾರಿಗಳಲ್ಲಿ ಗಾಂಜಾ ಮೂಟೆ ಇಳಿದು ಬರುತ್ತಿದ್ದ ಕಾಲದಲ್ಲಿ ಆ ಬಯಲನ್ನು ವಿಮಾನಕ್ಕೆ ಹದಮಾಡಿದವನು ಅವನೇ. ಸಂಜೆಗತ್ತಲಾಗುತ್ತಲೇ ಹಾಲಿನ ಪುಡಿಯ ಡಬ್ಬಗಳಿಗೆ ಸೀಮೆಎಣ್ಣೆ ಹೊಯ್ದು, ಬಟ್ಟೆಯ ಬತ್ತಿ ಹಾಕಿ, ಬಯಲಿನ ಎರಡೂ ಅಂಚಿಗೆ ಸಾಲಾಗಿ ಇಡುವುದು ಹೆಂಗಸರ ಕೆಲಸ. ಒಂದು ಸಾಲು ಕ್ಲೆಮೆನ್ಸಿಯಾಳದು, ಇನ್ನೊಂದು ಮಾರೂಪಾದ ಪೆತ್ರೋನಿಲಾಳದು. ಯಾರ ಸಾಲು ಮೊದಲು ಹತ್ತಿಕೊಳ್ಳುತ್ತದೆಂದು ಇಬ್ಬರಿಗೂ ಪಂದ್ಯ. ಮಾಂತಾ ನಿಲುವಂಗಿಯ ಅಂಚನ್ನು ಮೊಣಕಾಲಿನವರೆಗೆ ಎತ್ತಿಕೊಂಡು ಓಡುತ್ತಿದ್ದರು. ಅದು ತಪ್ಪು ವ್ಯಾಪಾರ ಎಂದು ಈಗ ಎಲ್ಲರೂ ಹೇಳುತ್ತಾರೆ, ಕ್ಲೆಮೆನ್ಸಿಯಾಳಿಗೂ ಗೊತ್ತು. ಆದರೂ ಕತ್ತಲಲ್ಲಿ ಆ ಎರಡು ಸಾಲು ದೀಪ ಹತ್ತಿ, ಅಷ್ಟು ದೂರದಿಂದ ಗುಂಯ್ ಎನ್ನುವ ಸದ್ದು ಹತ್ತಿರವಾಗುತ್ತಿದ್ದರೆ ಎದೆ ಎಷ್ಟು ತುಂಬಿಕೊಳ್ಳುತ್ತಿತ್ತು. ಅಂಥ ಸುಖ ಅವಳಿಗೆ ಮದುವೆಯಲ್ಲೂ ಸಿಕ್ಕಿರಲಿಲ್ಲ.

ಚಾಲಕ ಬಂದರೆ ಮೊದಲು ಊಟ. ಕೆಂಪು ಕೂದಲಿನ ಒಬ್ಬ ಬಿಳಿ ವಿದೇಶಿಗೆ, ಗ್ರಿಂಗೊಗೆ, ತೋಮಾಸಾ ಕೆಂಪು ಹುಂಜ ಎಂದೇ ಹೆಸರಿಟ್ಟಿದ್ದಳು. ರಕ್ತ, ಕರುಳು ಎಲ್ಲ ಸೇರಿಸಿ ಹುರಿದ ಆಡಿನ ಫ್ರಿಚೆಯನ್ನು ಅವನು ಮೂರು ಸಲ ಹಾಕಿಸಿಕೊಂಡು ತಿಂದು, ವಿಮಾನದ ಬಾಲಕ್ಕೆ ಒರಗಿ ನಿದ್ದೆ ಹೊಡೆದಿದ್ದ. ಆ ಹುಂಜನೇ ಒಂದು ದಿನ ಬಯಲನ್ನು ಈ ತುದಿಯಿಂದ ಆ ತುದಿಗೆ ನಡೆದು ತಲೆಯಾಡಿಸಿದ್ದು. ಉದ್ದ ಸಾಲದು, ದೊಡ್ಡ ವಿಮಾನ ಬರಬೇಕಾದರೆ ಆ ಬಿಳಿ ಕಟ್ಟೆಗಳು ಇರಬಾರದು.

ಬಿಳಿ ಕಟ್ಟೆಗಳೆಂದರೆ ಈ ಮನೆಯ ಸಮಾಧಿಗಳು.

ದೊಡ್ಡವನಿಗೆ ಉಪಾಯ ಕೂಡಲೇ ಹೊಳೆಯಿತು. ಹೇಗಿದ್ದರೂ ಸತ್ತವರ ಮೂಳೆ ಎತ್ತಿ ಎರಡನೇ ಸಲ ಇಡುವುದು ಪದ್ಧತಿಯೇ ತಾನೆ? ಬೇರೆ ಬೇರೆ ವರ್ಷ ಮಾಡುವುದನ್ನು ಒಂದೇ ಸಲ ಮಾಡೋಣ, ಎಲ್ಲರನ್ನೂ ಕಡಲ ಕಡೆಯ ದೊಡ್ಡ ಸ್ಮಶಾನಕ್ಕೆ ಒಯ್ಯೋಣ, ಅಲ್ಲಿ ನಮ್ಮ ಬಳಿಯ ಮೂಲದವರೆಲ್ಲ ಇದ್ದಾರೆ ಎಂದ. ತೋಮಾಸಾ ಹೂಂ ಅಂದಳು. ಎಷ್ಟು ಆಡು ಕಡಿದರೋ, ಎಷ್ಟು ಪೆಟ್ಟಿಗೆ ವಿಸ್ಕಿ ಒಡೆದರೋ! ಗಡಿಯಾಚೆಯಿಂದಲೂ ನೆಂಟರು ಬಂದರು. ಮೂಳೆ ಎತ್ತುವ ಕೆಲಸ ಕ್ಲೆಮೆನ್ಸಿಯಾಳದಾಯಿತು. ಅಜ್ಜಿಯ ಬೆನ್ನುಮೂಳೆಯ ಮಣಿಗಳನ್ನು ಒಂದೊಂದಾಗಿ ಒರೆಸಿ ಬಟ್ಟೆಯಲ್ಲಿಟ್ಟವಳು ಅವಳು. ಆ ಕೆಲಸ ಮಾಡಿದವಳು ತನ್ನ ಕೈಯಿಂದ ಅನ್ನ ಮುಟ್ಟುವಂತಿಲ್ಲ, ನಿದ್ದೆ ಮಾಡುವಂತಿಲ್ಲ. ಅಷ್ಟೂ ದಿನ ಪಕ್ಕದಲ್ಲಿ ಕುಳಿತು ದೊಡ್ಡವನೇ ಅವಳಿಗೆ ತುತ್ತು ಮಾಡಿ ಬಾಯಿಗಿಟ್ಟಿದ್ದ. “ನಿದ್ದೆ ಮಾಡಬೇಡ, ತಿನ್ನು, ಇನ್ನೊಂದು ತುತ್ತು,” ಎಂದು ಬೈಯುತ್ತ ತಿನ್ನಿಸಿದ್ದ. ಅವನು ವಿಸ್ಕಿ ಕುಡಿದು ಕಾರು ಮಗುಚಿಕೊಂಡು ಸತ್ತು ವರ್ಷಗಳಾದರೂ ಆ ಬೆರಳಿನ ಉಪ್ಪು ಕ್ಲೆಮೆನ್ಸಿಯಾಳ ನಾಲಗೆಯಲ್ಲಿತ್ತು.

ಅಂಥ ಔತಣವನ್ನು ಸೀಮೆ ಕಂಡಿರಲಿಲ್ಲ. ಇವತ್ತಿಗೂ ಮನೆಗೆ ಯಾರು ಬಂದರೂ ಅದರದೇ ಮಾತು. ಅದೇ ಔತಣದಲ್ಲಿ ತಾವು ನೆಲ ಕಳೆದುಕೊಂಡೆವೆಂದು ಅನ್ಸೆಲ್ಮೊ ಬಂದು ಹೇಳುವವರೆಗೆ ಯಾರಿಗೂ ಹೊಳೆದಿರಲಿಲ್ಲ. ವಿಮಾನ ಇಳಿಯುತ್ತಿದ್ದ ಕಾಲದಲ್ಲಿ ಸುತ್ತಲಿನ ಎಲ್ಲರಿಗೂ ಪಾಲು ಹೋಗುತ್ತಿತ್ತು, ಉಣ್ಣುವ ಬಾಯಿ ಪ್ರಶ್ನೆ ಕೇಳಲಿಲ್ಲ.

ವಾರ ಕಳೆಯುವಷ್ಟರಲ್ಲಿ ಇದಾಲಿಯಾ ಕೆಸರು ಮೆತ್ತಿದ ಕಾಲಲ್ಲೇ ಚಪ್ಪರಕ್ಕೆ ನುಗ್ಗಿದಳು. ಎಲ್ಲರೂ ಜೋಳದ ಗಂಜಿ ಕುಡಿಯುತ್ತಿದ್ದರು.

“ಅಮ್ಮ, ಮಾವ ಏನು ಮಾಡಿದ್ದಾರೆ ಕೇಳು. ಮೇಲಿನ ತುದಿ ಕಂದಕಕ್ಕೆ ಮಣ್ಣು ಹಾಕಿಸಿದ್ದಾರೆ. ಆಳು ಇಟ್ಟು, ಪೂರ್ತಿ ಮುಚ್ಚಿಸಿದ್ದಾರೆ. ನನ್ನ ಅವರೆ ಬಳ್ಳಿ ಮಣ್ಣಡಿಗೆ ಹೋಯ್ತು.”

ಕ್ಲೆಮೆನ್ಸಿಯಾ ತಮ್ಮನ ಮುಖ ನೋಡಿದಳು. “ಹೌದೇನೋ?”

“ಹೌದು,” ಎಂದ ಎವಾರಿಸ್ಟೊ, ಬಟ್ಟಲಿನಿಂದ ಮುಖ ಎತ್ತದೆ. “ಬಿಳಿ ಪುಡಿಯವರು, ಆ ಕೊಕೇನಿನವರು, ಜಾಗ ಹುಡುಕ್ತಿದ್ದಾರೆ. ಕಂದಕ ಮುಚ್ಚಿಕೊಟ್ರೆ ಒಂದು ವಿಮಾನ ಇಳಿಸ್ತಾರಂತೆ. ಒಂದು ಇಳಿದ್ರೆ ಸಾಕು ಅಕ್ಕ, ಮಾರೂಪಾದವರಿಗೂ ಪಾಲು ಕೊಡೋಣ, ಬಾಯಿ ಮುಚ್ಚಿಕೊಂಡು ಹೋಗ್ತಾರೆ. ಮೊದಲಿನ ಹಾಗೇ ಆಗುತ್ತೆ.”

“ವಿಮಾನ ಕುಡಿಯೋಕಾಗುತ್ತಾ ಮಾವ?” ಎಂದಳು ಇದಾಲಿಯಾ.

“ನಾಲ್ಕಕ್ಷರ ಕಲಿತ ಮಾತ್ರಕ್ಕೆ ಮಾವನಿಗೆ ಎದುರು ಮಾತಾಡೋದು ಕಲಿಸಿದ್ರಾ? ನಿನ್ನ ಹೊಟ್ಟೆಗೆ ಹಾಲಿನ ಪುಡಿ ಬಂದದ್ದು ಎಲ್ಲಿಂದ?”

“ಅದರ ಖಾಲಿ ಡಬ್ಬಾನೂ ಹೊತ್ತಿಸಿಬಿಟ್ರಲ್ಲ. ಈಗ ನೀರು ತರೋಕೆ ಡಬ್ಬ ಇಲ್ಲ.”

ಮುದುಕಿ ಪಕಪಕ ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಕ್ಲೆಮೆನ್ಸಿಯಾ ಬೆನ್ನು ನೀವುತ್ತ ತಮ್ಮನಿಗೆ ಹೇಳಿದಳು: “ನನಗೂ ಆಸೆ ಇಲ್ವೇನೋ? ಆ ದೀಪದ ಸಾಲು ಇನ್ನೊಂದು ಸಲ ನೋಡಬೇಕು ಅಂತ ನಿನಗಿಂತ ಹೆಚ್ಚು ನನಗಿದೆ. ಆದ್ರೆ ಆ ಕಾಲದಲ್ಲಿ ಬರ್ತಿದ್ದವರು ಊಟ ಮಾಡಿ, ಅವ್ವನ ಕಾಲು ಮುಟ್ಟಿ ಹೋಗ್ತಿದ್ರು. ಈಗಿನವರು ಬಂದೂಕು ತೊಡೆ ಮೇಲಿಟ್ಟುಕೊಂಡೇ ಕಾಫಿ ಕುಡೀತಾರೆ. ಬೇಡ. ಉಳಿದ ಕಂದಕ ಮುಟ್ಟಬೇಡ.”

“ಹಾಗಾದ್ರೆ ನೆಲ ಹೆಂಗೆ ಉಳಿಸ್ತೀಯ? ಹೇಳು. ನೀನೇ ಹೇಳು.”

ಅವಳು ಅವ್ವನ ಬೆನ್ನು ನೀವುತ್ತಲೇ ಇದ್ದಳು. ಎವಾರಿಸ್ಟೊ ಗಂಜಿ ಅರ್ಧಕ್ಕೇ ಬಿಟ್ಟು ಎದ್ದುಹೋದ. ಆಮೇಲೆ ಎಷ್ಟೋ ದಿನ ಮಾವ, ಸೊಸೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ; ಉಪ್ಪು ಬೇಕಾದರೂ ಕ್ಲೆಮೆನ್ಸಿಯಾಳ ಮೂಲಕವೇ ಕೇಳುತ್ತಿದ್ದರು. ಅವಳಿಗೆ ಇಬ್ಬರ ನಡುವೆ ಸಂಧಾನ ಮಾಡಿ ಮಾಡಿ ಅನ್ಸೆಲ್ಮೊನ ಮಂಡಿನೋವು ತನಗೇ ಅಂಟಿದಂತಾಯಿತು.

ಮುದುಕಿಯ ಕೆಮ್ಮು ಎದೆಗಿಳಿಯಿತು. ಪೇಟೆಯ ಆಸ್ಪತ್ರೆಗೆ ಬರಲೊಲ್ಲಳು. ತೂಗುಹಾಸಿಗೆಯನ್ನು ಬಯಲು ಕಾಣುವ ಹಾಗೆ ಕಟ್ಟಿಸಿಕೊಂಡು ಮಲಗಿದಳು. ಒಂದು ಮಧ್ಯಾಹ್ನ ಕ್ಲೆಮೆನ್ಸಿಯಾ ಸಾರು ಕುಡಿಸುತ್ತಿದ್ದಾಗ ಚಮಚ ತಳ್ಳಿದಳು.

“ನನ್ನನ್ನ ಅಲ್ಲಿಡಿ.”

“ಎಲ್ಲಿ?”

“ಬಯಲಲ್ಲಿ. ಎವಾರಿಸ್ಟೊ ಮುಚ್ಚಿಸಿದ್ದಾನಲ್ಲ, ಆ ಮೇಲಿನ ತುದೀಲಿ. ಅಗೆಯೋಕೂ ಮೆತ್ತಗಿರುತ್ತೆ.”

ಕ್ಲೆಮೆನ್ಸಿಯಾಳಿಗೆ ಸಿಟ್ಟು ಬಂದಿತು. “ಸಾರು ಕುಡಿ ಅವ್ವ. ಕಡಲ ಹತ್ರ ನಿಮ್ಮವ್ವನ ಪಕ್ಕ ಜಾಗ ಬಿಡಿಸಿ ಇಟ್ಟಿದ್ದು ಯಾರು? ಅಲ್ಲಿ ಗಾಳಿ ಚೆನ್ನಾಗಿದೆ, ನಮ್ಮವ್ವನ ಮಗ್ಗುಲಲ್ಲಿ ಮಲಗ್ತೀನಿ ಅಂತ ಇಷ್ಟು ವರ್ಷ ಹೇಳಿಕೊಂಡು ಬಂದೆ.”

“ಹೇಳಿದ್ದೆ.”

“ನಿನ್ನ ದೊಡ್ಡ ಮಗನೂ ಅಲ್ಲೇ ಇದ್ದಾನೆ.”

“ಗೊತ್ತು ಕಣೆ. ನನಗೇ ಹೇಳ್ಕೊಡ್ತೀಯ?” ಮುದುಕಿ ಉಸಿರೆಳೆದುಕೊಂಡಳು. “ನಮ್ಮವ್ವ ಆ ಬಯಲನ್ನ ಸುಮ್ಮನೆ ಮಲಗಿಕೊಂಡೇ ಕಾಯ್ತಿದ್ಲು. ವಿಮಾನಕ್ಕೆ ದಾರಿ ಬಿಡು ಅಂತ ಎಬ್ಬಿಸಿದ್ವಿ. ಅವಳು ಎದ್ದ ಜಾಗದಲ್ಲಿ ಯಾರಾದ್ರೂ ಮಲಗಬೇಕಲ್ಲ.”

“ನೀನು ಮಲಗಿದ ಮಾತ್ರಕ್ಕೆ ಪೆತ್ರೋನಿಲಾ ಒಪ್ಪಿಬಿಡ್ತಾಳಾ? ನಿನ್ನೆ ಮೊನ್ನೆ ತೋಡಿದ ಗುಂಡಿ ಅಂತಾಳೆ.”

“ಅಂದ್ರೆ ಅನ್ನಲಿ. ಅವಳಿಗೆ ಹೇಳಿ ಕಳಿಸು. ಬಂದು ಅತ್ತು, ನಮ್ಮ ಮಾಂಸ ಕೈಯಲ್ಲಿ ಹಿಡಿದ್ಲು ಅಂದ್ರೆ ಮುಗೀತು. ಒಬ್ಬರ ಸಮಾಧಿ ಮುಂದೆ ಅತ್ತು ಉಂಡವರು ಆ ನೆಲ ನಮ್ಮದು ಅನ್ನೋ ಹಾಗಿಲ್ಲ. ಅದು ಅನ್ಸೆಲ್ಮೊಗೂ ಗೊತ್ತು, ಅವಳಿಗೂ ಗೊತ್ತು.”

“ಬರದಿದ್ರೆ?”

“ಬರದಿದ್ರೆ ನಾನು ಸತ್ತದ್ದು ದಂಡ. ಈಗ ಆ ಸಾರು ಕೊಡು, ಆರಿಹೋಗ್ತಿದೆ.”

ಕ್ಲೆಮೆನ್ಸಿಯಾ ಸಾರು ಕೊಟ್ಟಳು, ಹೂಂ ಅನ್ನಲಿಲ್ಲ. ಮತ್ತೆ ಮೂರು ನಾಲ್ಕು ದಿನ ಅದೇ ಜಗಳ. ಬೆಳಗ್ಗೆ ಹಾಲು ಕರೆಯುವಾಗ ಮುದುಕಿ ಮಲಗಿದಲ್ಲಿಂದ ಕೂಗುತ್ತಿದ್ದಳು, ಇವಳು ಆಡಿನ ಕೆಚ್ಚಲ ಹತ್ತಿರದಿಂದ ಉತ್ತರ ಕೊಡುತ್ತಿದ್ದಳು. ಕೊನೆಗೆ ತೋಮಾಸಾ ಮಗನನ್ನೂ ಮೊಮ್ಮಗಳನ್ನೂ ಒಟ್ಟಿಗೆ ಕರೆಸಿ, ಇಬ್ಬರಿಗೂ ಒಂದೇ ಬಟ್ಟಲಲ್ಲಿ ಗಂಜಿ ಹಾಕಿಸಿ, ಅವರು ಕುಡಿದು ಮುಗಿಸುವವರೆಗೆ ನೋಡಿ, ತನ್ನ ಆಸೆ ಹೇಳಿದಳು. ಎವಾರಿಸ್ಟೊ ಗಂಡಸು, ಎದ್ದು ಹೊರಗೆ ಹೋಗಿ ಅತ್ತ. ಅವನು ಒಪ್ಪಿದ ಮೇಲೆ ಕ್ಲೆಮೆನ್ಸಿಯಾಳಿಗೆ ಬೇರೆ ದಾರಿ ಉಳಿಯಲಿಲ್ಲ. ಅಕ್ಟೋಬರ್ ಮಳೆಯ ಕೊನೆಯ ಹನಿ ಬೀಳುವ ಹೊತ್ತಿಗೆ ಮುದುಕಿ ಹೋದಳು.

ಎವಾರಿಸ್ಟೊ ತಾನು ಮುಚ್ಚಿಸಿದ ಕಂದಕವನ್ನು ತಾನೇ ಅಗೆದ. ಮಣ್ಣು ಮೆತ್ತಗಿತ್ತು, ಅವನ ಕೈ ಮಾತ್ರ ಸಾಗಲಿಲ್ಲ. ಇದಾಲಿಯಾ ಕಂದಕದ ನೀರು ತಂದು ಸಿಮೆಂಟು ಕಲಸಿದಳು. “ಇನ್ನೊಂದು ಬಕೆಟ್ ತಾ,” ಎಂದು ಅವನು ನೇರವಾಗಿ ಅವಳಿಗೇ ಹೇಳಿದ. ಅವಳು ತಂದಳು. ವಿಮಾನದ ಬಯಲಿನ ಮೇಲಿನ ತುದಿಯಲ್ಲಿ ಒಂದೇ ಒಂದು ಬಿಳಿ ಕಟ್ಟೆ ಎದ್ದಿತು.

ಸುತ್ತಲಿನವರೆಲ್ಲ ಬಂದರು. ಹೆಂಗಸರು ಮುಖಕ್ಕೆ ಬಟ್ಟೆ ಎಳೆದುಕೊಂಡು ಪೆಟ್ಟಿಗೆಯ ಸುತ್ತ ಕುಳಿತು ಅತ್ತರು, ಗಂಡಸರು ಟೋಪಿಯಲ್ಲಿ ಮುಖ ಮರೆಮಾಡಿಕೊಂಡು ಅತ್ತರು. ಆಮೇಲೆ ಕಾಫಿ, ಚಿರ್ರಿಂಚಿ ಸಾರಾಯಿ, ಮಾಂಸ. ದೊಡ್ಡವನು ಮಾಡಿದ ಔತಣದ ಮುಂದೆ ಇದು ಏನೂ ಅಲ್ಲ. ಬಂದ ಮುದುಕರೆಲ್ಲ ಅದನ್ನೇ ಹೇಳಿಕೊಂಡು ತಿಂದರು. ಕ್ಲೆಮೆನ್ಸಿಯಾ ಬಡಿಸುತ್ತಿದ್ದಳು, ಕಣ್ಣು ಮಾತ್ರ ಮಾರೂಪಾದ ದಾರಿಯ ಮೇಲಿತ್ತು. ಅನ್ಸೆಲ್ಮೊನೂ ಅದೇ ದಾರಿ ನೋಡುತ್ತಿದ್ದ. ಬಿಸಿಲು ಇಳಿಯತೊಡಗಿತು, ದಾರಿ ಖಾಲಿಯಾಗಿಯೇ ಇತ್ತು.

“ಬರಲ್ಲ ಅವರು,” ಎಂದ ಎವಾರಿಸ್ಟೊ. “ಅವ್ವನ್ನ ಸುಮ್ಮನೆ ಇಲ್ಲಿ ತಂದಿಟ್ವಿ.”

ಪೆಟ್ಟಿಗೆಯನ್ನು ಇನ್ನೇನು ಕಟ್ಟೆಯೊಳಗೆ ಇಳಿಸಬೇಕು ಎನ್ನುವಷ್ಟರಲ್ಲಿ ಕತ್ತೆಗಳು ಕಾಣಿಸಿದವು. ಪೆತ್ರೋನಿಲಾ ಮುಂದೆ, ಅವಳ ಹಿಂದೆ ಮಾರೂಪಾದ ಅಷ್ಟೂ ಮನೆಯವರು. ಬಯಲಿನ ಅಂಚಿಗೆ ಬಂದು ಇಳಿದರು, ಇಳಿದವರು ಅಲ್ಲೇ ನಿಂತರು. ಯಾರೂ ಕರೆಯಲು ಹೋಗಲಿಲ್ಲ. ಸಾವಿನ ಸುದ್ದಿ ಮುಟ್ಟಿಸಬಹುದು, ಅಳಲು ಬರುವವರನ್ನು ಮಾತ್ರ ಯಾರೂ ಕರೆದು ತರುವಂತಿಲ್ಲ.

ಪೆತ್ರೋನಿಲಾ ಬಹಳ ಹೊತ್ತು ನಿಂತಿದ್ದಳು. ಅವಳಿಗೂ ವಯಸ್ಸಾಗಿತ್ತು, ಸೊಂಟ ಬಾಗತೊಡಗಿತ್ತು. ಆ ಬಯಲಿನ ಉದ್ದಕ್ಕೆ ಒಮ್ಮೆ ಕಣ್ಣು ಹಾಯಿಸಿದಳು. ಮತ್ತೆ ಬಟ್ಟೆಯನ್ನು ಹಣೆಯ ಮೇಲಿಂದ ಮುಖಕ್ಕೆ ಎಳೆದುಕೊಂಡು ನೇರ ನಡೆದು ಬಂದಳು, ಪೆಟ್ಟಿಗೆಯ ಮೇಲೆ ಕೈಯಿಟ್ಟು ಜೋರಾಗಿ ಅತ್ತಳು. “ನನಗೂ ಉಣ್ಣಿಸ್ತಿದ್ದೆಯಲ್ಲೇ, ಓಡಿ ಸುಸ್ತಾದೆ ಕೂತ್ಕೋ ಅಂತಿದ್ದೆಯಲ್ಲೇ,” ಎಂದು ಅತ್ತಳು. ಅವಳ ಹಿಂದೆ ಮಾರೂಪಾದವರೆಲ್ಲ ಅತ್ತರು.

ಅತ್ತು ಮುಗಿದ ಮೇಲೆ ಕ್ಲೆಮೆನ್ಸಿಯಾ ತಟ್ಟೆ ಹಿಡಿದು ಅವಳ ಮುಂದೆ ನಿಂತಳು. ಅನ್ಸೆಲ್ಮೊ ಕೋಲು ಬಿಗಿಯಾಗಿ ಹಿಡಿದುಕೊಂಡ. ಪೆತ್ರೋನಿಲಾ ತಟ್ಟೆ ನೋಡಿದಳು, ಇವಳ ಮುಖ ನೋಡಿದಳು.

“ನಿಮ್ಮವ್ವ ಭಾರಿ ಕಿಲಾಡಿ ಕಣೆ,” ಎಂದಳು ತಗ್ಗಿದ ದನಿಯಲ್ಲಿ. “ನಾನು ಬಾರದೆ ಇರಲಾರೆ ಅಂತ ಗೊತ್ತಿತ್ತು ಅವಳಿಗೆ.”

ಮಾಂಸ ಕೈಗೆ ತೆಗೆದುಕೊಂಡಳು, ತಿಂದಳು.

“ನಿಮ್ಮ ಆಡುಗಳೂ ಬರಲಿ,” ಎಂದಳು ಕ್ಲೆಮೆನ್ಸಿಯಾ. “ಕೆಳಗಿನ ಕಂದಕಕ್ಕೆ ಕುಡಿಯೋಕೆ ಬರಲಿ.”

“ಕರೆದ್ರೆ ಬರ್ತಾವೆ. ಈಗ ನೀನೇ ಹೇಳಿದ್ದೀಯಲ್ಲ.”

ನೆಂಟರು ಹೊರಟರು. ಕಡೆಗೆ ಮನೆಯವರಷ್ಟೇ ಉಳಿದರು. ಇದಾಲಿಯಾ ಪಾತ್ರೆಗಳನ್ನು ಬೂದಿ ಹಾಕಿ ಉಜ್ಜುತ್ತಿದ್ದವಳು ಕೈ ನಿಲ್ಲಿಸಿ ಕಟ್ಟೆಯ ಕಡೆ ನೋಡಿದಳು.

“ಅಮ್ಮ, ಮೂಳೆ ಎತ್ತೋ ಕಾಲ ಬಂದಾಗ ಅಜ್ಜೀನ ಕಡಲ ಹತ್ರ ಕರ್ಕೊಂಡು ಹೋಗೋಣ, ಅಲ್ವಾ? ಅವರವ್ವನ ಹತ್ರ.”

“ಎತ್ತಿದ್ರೆ ನೆಲ ಮತ್ತೆ ಹೋಗುತ್ತೆ.”

“ಅಂದ್ರೆ ಯಾವತ್ತೂ…”

“ಯಾವತ್ತೂ ಇಲ್ಲ.”

ಇದಾಲಿಯಾ ಅಳತೊಡಗಿದಳು. ಹಗಲೆಲ್ಲ ಎಲ್ಲರ ಜೊತೆ ಅತ್ತದ್ದು ಬೇರೆ, ಇದು ಬೇರೆ. “ಅಷ್ಟು ದೊಡ್ಡ ಬಯಲಲ್ಲಿ ಅಜ್ಜಿ ಒಬ್ಬಳೇ ಅಮ್ಮ.”

ಕಡಲ ಕಡೆಯ ಸ್ಮಶಾನದಲ್ಲಿ ಅಣ್ಣನ ಪಕ್ಕಕ್ಕೆ ಕ್ಲೆಮೆನ್ಸಿಯಾ ತನಗೂ ಒಂದು ಜಾಗ ನೋಡಿಕೊಂಡಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ, ಈಗಲೂ ಹೇಳಲಿಲ್ಲ. ಮಗಳ ಕೈಯಿಂದ ಪಾತ್ರೆ ತೆಗೆದುಕೊಂಡು ತಾನೇ ಉಜ್ಜತೊಡಗಿದಳು.

“ಒಬ್ಬಳೇ ಯಾಕೆ?” ಎಂದಳು. “ಮಾವನಿಗೆ ಹೇಳು, ಮಿಕ್ಕ ಸಿಮೆಂಟು ನೆನೆಯದ ಹಾಗೆ ಎತ್ತಿಡಲಿ. ಪಕ್ಕದ ಜಾಗ ನಂದು.”